ಗಾತ್ರ ನೋಡಿ ವಿಂಗಡಿಸಿದ ಗಿನಿ ಹುಲ್ಲಿನ ಬೀಜ: ಹೆಚ್ಚಿನ ಬೆಲೆ ಎಲ್ಲಿ ಸಾರ್ಥಕ, ಎಲ್ಲಿ ಅಲ್ಲ

ಮೇವಿನ ಹುಲ್ಲಿನ ಬೀಜವನ್ನು ಕೊಳ್ಳುವವರು ಸಾಮಾನ್ಯವಾಗಿ ತಳಿಯ ಹೆಸರು, ಶುದ್ಧತೆ ಮತ್ತು ಮೊಳಕೆಯ ಪ್ರಮಾಣ ನೋಡಿ ಚೀಲವನ್ನು ಆರಿಸುತ್ತಾರೆ. ಕಾಳು ಎಷ್ಟು ದಪ್ಪವಾಗಿದೆ, ಸಾವಿರ ಕಾಳು ಎಷ್ಟು ತೂಗುತ್ತದೆ ಎಂದು ಕೇಳುವವರು ಕಡಿಮೆ. ಆದರೆ ಒಂದೇ ತಳಿಯ ಬೀಜವನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ, ದಪ್ಪ ಕಾಳಿನ ಚೀಲವನ್ನು ಹೆಚ್ಚಿನ ಬೆಲೆಗೆ ಮಾರುವ ಪದ್ಧತಿಯೂ ಇದೆ. ಅಂಥ ದಪ್ಪ ಕಾಳಿನ ಗಿನಿ ಹುಲ್ಲಿನ ಬೀಜವನ್ನು, ಅದೇ ತಳಿಯ ವಿಂಗಡಿಸದ ಬೀಜವನ್ನು ಮತ್ತು ಲೇಪನ ಕೊಟ್ಟ ಬೀಜವನ್ನು ಅಕ್ಕಪಕ್ಕದ ಸಾಲುಗಳಲ್ಲಿ ಬಿತ್ತಿ ಗಮನಿಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ವಿಂಗಡಿಸಿದ ಬೀಜ ಒಳ್ಳೆಯ ಸರಕು. ಆದರೆ ಅದರ ಗುಣ ಪ್ರಕಟವಾಗುವುದು ಬೀಜವು ಮಣ್ಣಿನ ಅಡಿಯಲ್ಲಿ ಒಂದಿಷ್ಟು ಆಳಕ್ಕೆ ಬಿದ್ದು, ಅಲ್ಲಿಂದ ಹೊರಬರಲು ಶ್ರಮಿಸಬೇಕಾದಾಗ ಮಾತ್ರ. ಆ ಶ್ರಮ ಬೇಕಿಲ್ಲದ ನೆಲದಲ್ಲಿ ಹೆಚ್ಚಿನ ಬೆಲೆಗೆ ಪ್ರತಿಫಲ ಸಿಗುವುದಿಲ್ಲ.

ಮೊದಲು ಚೀಲದೊಳಗಿನ ವಸ್ತುವನ್ನು ನೋಡೋಣ. ವಿಂಗಡಿಸದ ಬೀಜವನ್ನು ಬಿಳಿ ಕಾಗದದ ಮೇಲೆ ತೆಳುವಾಗಿ ಹರಡಿದರೆ ತುಂಬಿದ ಕಾಳು, ಅರೆ ತುಂಬಿದ ಕಾಳು, ಜೊಳ್ಳು, ಮುರಿದ ತೊಟ್ಟಿನ ಚೂರು ಎಲ್ಲವೂ ಒಟ್ಟಿಗೆ ಕಾಣುತ್ತವೆ. ಇದಕ್ಕೆ ಮಾರಾಟಗಾರರನ್ನು ದೂರಿ ಪ್ರಯೋಜನವಿಲ್ಲ, ಏಕೆಂದರೆ ಇದು ಈ ಹುಲ್ಲಿನ ಸ್ವಭಾವ. ಗಿನಿ ಹುಲ್ಲಿನ ತೆನೆ ಒಂದೇ ದಿನ ಮಾಗುವುದಿಲ್ಲ. ತುದಿಯಿಂದ ಆರಂಭವಾಗಿ ಬುಡದತ್ತ ಹಲವು ದಿನಗಳ ಕಾಲ ಹೂಬಿಡುತ್ತದೆ, ಮಾಗಿದ ಕಾಳು ನಿಲ್ಲದೆ ಉದುರುತ್ತದೆ. ಕೊಯ್ಲಿನ ದಿನ ತುದಿಯ ಕಾಳು ನೆಲ ಸೇರಿರುತ್ತದೆ, ನಡುವಿನದು ಬಲಿತಿರುತ್ತದೆ, ಬುಡದ್ದು ಇನ್ನೂ ಹಾಲು ತುಂಬುವ ಹಂತದಲ್ಲಿರುತ್ತದೆ. ಆದ್ದರಿಂದ ಯಾವ ದಿನ ಕೊಯ್ದರೂ ರಾಶಿಯಲ್ಲಿ ಬಲಿತದ್ದು ಮತ್ತು ಬಲಿಯದ್ದು ಬೆರೆತೇ ಇರುತ್ತವೆ. ಬೀಜದ ಬೆಳೆಗೆ ದೊರೆತ ನೀರು, ಸಾರಜನಕ, ಕಾಳು ಕಟ್ಟುವಾಗಿನ ಬಿಸಿಲು ಇವೂ ಕಾಳಿನ ತೂಕವನ್ನು ಹೆಚ್ಚು ಕಡಿಮೆ ಮಾಡುತ್ತವೆ.

ಇಲ್ಲಿ ಕೊಳ್ಳುವವರಿಗೆ ಸಮಾಧಾನ ಕೊಡುವ ಒಂದು ಸಂಗತಿಯನ್ನು ಹೇಳಬೇಕು. ಗಿನಿ ಹುಲ್ಲು ಬಹುಮಟ್ಟಿಗೆ ಪರಾಗದ ಬೆರಕೆಯಿಲ್ಲದೆಯೇ ತಾಯಿ ಗಿಡದ ಗುಣವನ್ನು ಯಥಾವತ್ತಾಗಿ ಹೊತ್ತ ಬೀಜವನ್ನು ಕಟ್ಟುತ್ತದೆ. ಹೀಗಾಗಿ ಒಂದೇ ತಳಿಯ ರಾಶಿಯಲ್ಲಿ ದಪ್ಪ ಕಾಳಿಗೂ ಸಣ್ಣ ಕಾಳಿಗೂ ವಂಶಗುಣದಲ್ಲಿ ಹೇಳಿಕೊಳ್ಳುವಂಥ ಭೇದವಿರುವುದಿಲ್ಲ. ಭೇದವಿರುವುದು ತೆನೆಯಲ್ಲಿದ್ದ ಸ್ಥಾನದಲ್ಲಿ ಮತ್ತು ಬಲಿತ ಮಟ್ಟದಲ್ಲಿ. ದಪ್ಪ ಕಾಳನ್ನೇ ಆರಿಸಿ ಬಿತ್ತಿದರೆ ತಳಿಯ ಸ್ವರೂಪ ಬದಲಾದೀತೆಂಬ ಆತಂಕ ಇಲ್ಲಿ ಬೇಡ. ರೈ ಹುಲ್ಲಿನಂಥ ಪರಕೀಯ ಪರಾಗಸ್ಪರ್ಶದ ಹುಲ್ಲುಗಳ ಸ್ಥಿತಿ ಬೇರೆ. ಅಲ್ಲಿ ಪ್ರತಿಯೊಂದು ಕಾಳೂ ವಂಶಗುಣದಲ್ಲಿ ತುಸು ಭಿನ್ನವಾಗಿರುವುದರಿಂದ, ಬೀಜೋತ್ಪಾದನೆಯ ಹಲವು ತಲೆಮಾರುಗಳಲ್ಲಿ ಒಂದೇ ಗಾತ್ರವನ್ನು ಆರಿಸುತ್ತ ಹೋಗುವುದು ಬೀಜೋತ್ಪಾದಕರು ಯೋಚಿಸಿ ಮಾಡಬೇಕಾದ ಕೆಲಸ.

ದಪ್ಪ ಕಾಳಿನ ಚೀಲ ಮೊದಲ ನೋಟಕ್ಕೇ ಮೆಚ್ಚುಗೆಯಾಗುತ್ತದೆ. ಬಣ್ಣ ಏಕರೂಪವಾಗಿದೆ, ತೊಟ್ಟಿನ ಚೂರು ಇಲ್ಲವೆನ್ನುವಷ್ಟು ಕಡಿಮೆ, ಕೈಯಲ್ಲಿ ಹಿಡಿದರೆ ವಿಂಗಡಿಸದ ಬೀಜಕ್ಕಿಂತ ಭಾರವಾಗಿ ಕೂರುತ್ತದೆ. ಆದರೂ ಕಣ್ಣನ್ನು ನಂಬಿ ನಿಲ್ಲಿಸುವಂತಿಲ್ಲ. ಗಿನಿ ಹುಲ್ಲಿನಲ್ಲಿ ನಾವು ಬೀಜವೆಂದು ಕರೆಯುವುದು ಹೊಟ್ಟಿನಿಂದ ಮುಚ್ಚಿದ ಒಂದು ಕಿರುತೆನೆ. ಅದರೊಳಗೆ, ಅಡ್ಡ ಸುಕ್ಕುಗಳಿರುವ ಗಡುಸಾದ ಕವಚದ ನಡುವೆ ನಿಜವಾದ ಕಾಳು ಕುಳಿತಿರುತ್ತದೆ. ಕೆಲವು ಕಿರುತೆನೆಗಳಲ್ಲಿ ಕಾಳೇ ಕಟ್ಟಿರುವುದಿಲ್ಲ, ಆದರೂ ಹೊರಗಿನ ಅಳತೆ ತುಂಬಿದ ಕಾಳಿನದ್ದೇ ಆಗಿರುತ್ತದೆ. ಜರಡಿಗೆ ಕಾಣುವುದು ಹೊರಗಿನ ಅಳತೆ ಮಾತ್ರ. ದುಂಡು ಕಣ್ಣಿನ ಜರಡಿ ಅಗಲವನ್ನು ನೋಡುತ್ತದೆ, ಉದ್ದ ಕಣ್ಣಿನ ಜರಡಿ ದಪ್ಪವನ್ನು ನೋಡುತ್ತದೆ, ಒಳಮೈಯಲ್ಲಿ ಕುಳಿಗಳಿರುವ ತಿರುಗುವ ಸಿಲಿಂಡರ್ ಉದ್ದವನ್ನು ನೋಡುತ್ತದೆ. ಒಳಗೆ ಕಾಳಿದೆಯೋ ಇಲ್ಲವೋ ಎಂಬುದು ಈ ಮೂರಕ್ಕೂ ತಿಳಿಯದು. ಅದನ್ನು ತಿಳಿಯಬೇಕಾದರೆ ಕೆಳಗಿನಿಂದ ಗಾಳಿ ಊದಿ ಹಗುರವಾದದ್ದನ್ನು ಮೇಲೆತ್ತಿ ಬೇರ್ಪಡಿಸಬೇಕು, ಇಲ್ಲವೇ ಓರೆಯಾಗಿ ಅಲುಗಾಡುವ ಸಾಂದ್ರತೆಯ ಮೇಜಿನ ಮೇಲೆ ಹಾಯಿಸಬೇಕು. ನಾನು ಕೊಂಡ ದಪ್ಪ ಕಾಳಿನ ಚೀಲದಿಂದ ಹಿಡಿಯಷ್ಟು ಬೀಜವನ್ನು ತೆಗೆದು ಒಂದೊಂದನ್ನೇ ಉಗುರಿನಿಂದ ಒತ್ತಿ ನೋಡಿದಾಗ ಜೊಳ್ಳು ಇನ್ನೂ ಸಿಕ್ಕಿತು; ವಿಂಗಡಿಸದ ಚೀಲದಲ್ಲಿದ್ದುದಕ್ಕಿಂತ ಬಹಳ ಕಡಿಮೆ ಎಂಬುದು ನಿಜ, ಆದರೂ ಸಿಕ್ಕಿತು. ಜರಡಿಯ ಬಳಿಕ ಗಾಳಿಯ ಹಂತವನ್ನು ಇನ್ನಷ್ಟು ಬಿಗಿಯಾಗಿ ನಡೆಸಬಹುದಿತ್ತು. ನೀರಿನಲ್ಲಿ ಹಾಕಿ ತೇಲುವುದನ್ನು ಬಿಸಾಡುವ ರೂಢಿಯ ಪರೀಕ್ಷೆ ಇಲ್ಲಿ ನಂಬುವಂಥದ್ದಲ್ಲ, ಏಕೆಂದರೆ ಹೊಟ್ಟಿನೊಳಗೆ ಸಿಕ್ಕಿಕೊಂಡ ಗಾಳಿ ಗಟ್ಟಿ ಕಾಳನ್ನೂ ತೇಲಿಸಿಬಿಡುತ್ತದೆ.

ಚೀಲದ ಮೇಲಿನ ಲೇಬಲ್‌ನಲ್ಲಿ ಶುದ್ಧತೆ, ಮೊಳಕೆಯ ಪ್ರಮಾಣ, ಪರೀಕ್ಷೆಯ ದಿನಾಂಕ ಮತ್ತು ಲಾಟ್ ಸಂಖ್ಯೆ ಇವೆ. ಸಾವಿರ ಕಾಳಿನ ತೂಕ ಮಾತ್ರ ಇಲ್ಲ. ಗಾತ್ರವನ್ನೇ ಮುಂದಿಟ್ಟು ಹೆಚ್ಚಿನ ಬೆಲೆ ಕೇಳುವ ಸರಕಿನ ಲೇಬಲ್‌ನಲ್ಲಿ ಗಾತ್ರವನ್ನು ಅಳೆದು ಹೇಳುವ ಒಂದೇ ಒಂದು ಅಂಕಿ ಇಲ್ಲದಿರುವುದು ಈ ಉತ್ಪನ್ನದ ಬಹುದೊಡ್ಡ ಕೊರತೆ ಎಂದು ನಾನು ಭಾವಿಸುತ್ತೇನೆ. ಆ ಅಂಕಿಯನ್ನು ಕಂಡುಹಿಡಿಯುವುದು ಕಷ್ಟವೂ ಅಲ್ಲ. 1924ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಬೀಜ ಪರೀಕ್ಷಾ ಸಂಘದ ನಿಯಮಗಳಲ್ಲಿ, ನೂರು ನೂರು ಕಾಳಿನ ಎಂಟು ಗುಂಪುಗಳನ್ನು ತೂಗಿ ಸರಾಸರಿ ತೆಗೆದು ಅದನ್ನು ಹತ್ತರಿಂದ ಗುಣಿಸುವ ಸರಳ ವಿಧಾನವಿದೆ. ಮನೆಯಲ್ಲಿ ಮಾಡುವವರಿಗೆ ಒಂದು ಸೂಚನೆ: ಗಿನಿ ಹುಲ್ಲಿನ ಸಾವಿರ ಕಾಳು ಒಂದು ಗ್ರಾಂ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕಡಿಮೆ ತೂಗುವುದರಿಂದ ಅಡುಗೆಮನೆಯ ತಕ್ಕಡಿ ಇದಕ್ಕೆ ಒದಗುವುದಿಲ್ಲ. ಗ್ರಾಂನ ನೂರನೇ ಒಂದು ಭಾಗವನ್ನು ತೋರಿಸುವ ತಕ್ಕಡಿಯಲ್ಲಿ ಸಾವಿರ ಕಾಳನ್ನೇ ಎಣಿಸಿ ತೂಗಬೇಕು. ಈ ಕೆಲಸಕ್ಕೆ ತಾಳ್ಮೆ ಬೇಕು, ಆದರೆ ಇದರ ನಂತರದ ಲೆಕ್ಕವೆಲ್ಲ ಈ ಒಂದು ಅಂಕಿಯ ಮೇಲೆಯೇ ನಿಂತಿದೆ.

ಈಗ ಗಾತ್ರದಿಂದ ಆಗುವ ಪ್ರಯೋಜನವೇನು ಎಂಬ ಮುಖ್ಯ ಪ್ರಶ್ನೆಗೆ ಬರೋಣ. ಬೀಜ ಮೊಳೆತ ಕ್ಷಣದಿಂದ ಮೊದಲ ಹಸಿರೆಲೆ ಬೆಳಕನ್ನು ಕಾಣುವವರೆಗೆ ಸಸಿಗೆ ಹೊರಗಿನಿಂದ ನೀರು ಮತ್ತು ಗಾಳಿಯ ಹೊರತು ಏನೂ ದೊರೆಯುವುದಿಲ್ಲ. ಆ ಪಯಣಕ್ಕೆ ತಾಯಿ ಗಿಡ ಕಟ್ಟಿಕೊಟ್ಟ ಬುತ್ತಿಯೇ ಕಾಳಿನೊಳಗಿನ ಪಿಷ್ಟ ಮತ್ತು ಪ್ರೋಟೀನು. ಕಾಳು ದಪ್ಪವಾದಷ್ಟೂ ಈ ಸಂಗ್ರಹ ಹೆಚ್ಚು, ಮತ್ತು ಅದು ಕಣ್ಣಿಗೆ ಕಾಣುವುದಕ್ಕಿಂತ ವೇಗವಾಗಿ ಹೆಚ್ಚುತ್ತದೆ. ಕಾಳಿನ ಉದ್ದ, ಅಗಲ, ದಪ್ಪ ಮೂರೂ ಹತ್ತರಲ್ಲೊಂದು ಭಾಗ ಹೆಚ್ಚಿದರೆ ಒಳಗಿನ ಘನ ಅಳತೆ ಸುಮಾರು ಮೂರರಲ್ಲೊಂದು ಭಾಗ ಹೆಚ್ಚಾಗುತ್ತದೆ. ಜರಡಿಯ ಕಣ್ಣಿನಲ್ಲಿ ಅತ್ಯಲ್ಪವೆನಿಸುವ ಅಂತರ ಮಣ್ಣಿನ ಅಡಿಯಲ್ಲಿ ದೊಡ್ಡ ಅಂತರವಾಗುವುದು ಹೀಗೆ.

ಆ ಸಂಗ್ರಹ ಯಾವುದಕ್ಕೆ ಖರ್ಚಾಗುತ್ತದೆ ಎಂಬುದು ಹುಲ್ಲಿನ ಗುಂಪನ್ನು ಅವಲಂಬಿಸಿದೆ. ರೈ ಹುಲ್ಲು, ಫೆಸ್ಕ್ಯೂ ಮುಂತಾದ ತಂಪು ಹವೆಯ ಹುಲ್ಲುಗಳಲ್ಲಿ ಮೊಳಕೆಯ ಎಲೆಯನ್ನು ಸುತ್ತಿಕೊಂಡಿರುವ ಕೋಲಿಯಾಪ್ಟೈಲ್ ಎಂಬ ಕೊಳವೆಯಂಥ ಕವಚವೇ ಉದ್ದಕ್ಕೆ ಬೆಳೆದು ಮಣ್ಣನ್ನು ಸೀಳುತ್ತದೆ, ಸಸಿಯ ಬುಡ ಹೆಚ್ಚುಕಡಿಮೆ ಬೀಜ ಬಿದ್ದ ಆಳದಲ್ಲೇ ಉಳಿಯುತ್ತದೆ. ಆ ಕವಚಕ್ಕೆ ಒಂದು ಮಿತಿಯ ಉದ್ದವಿದೆ. ಬೀಜ ಆ ಮಿತಿಗಿಂತ ಆಳದಲ್ಲಿದ್ದರೆ ಎಲೆ ಮಣ್ಣಿನೊಳಗೇ ಕವಚದಿಂದ ಹೊರಬಂದು ಮುದುಡಿ ಕೊಳೆಯುತ್ತದೆ. ಗಿನಿ ಹುಲ್ಲು, ರೋಡ್ಸ್ ಹುಲ್ಲು, ಅಂಜನ್ ಹುಲ್ಲು ಮುಂತಾದ ಬಿಸಿ ಹವೆಯ ಹುಲ್ಲುಗಳಲ್ಲಿ ಕವಚ ಗಿಡ್ಡ. ಬೀಜಕ್ಕೂ ಕವಚಕ್ಕೂ ನಡುವಿನ ತೆಳುವಾದ ಕಾಂಡಭಾಗ ಉದ್ದವಾಗಿ ಬೆಳೆದು ಕವಚವನ್ನು ಮೇಲಕ್ಕೆ ತಳ್ಳುತ್ತದೆ. ಈ ಭಾಗದ ಹೆಸರು ಮೀಸೋಕಾಟಿಲ್. ಕವಚದ ತುದಿಗೆ ಬೆಳಕು ತಗುಲಿದೊಡನೆ ಅದರ ಬೆಳವಣಿಗೆ ನಿಲ್ಲುತ್ತದೆ. ಪರಿಣಾಮವಾಗಿ, ಬೀಜ ಎಷ್ಟೇ ಆಳದಲ್ಲಿದ್ದರೂ ಸಸಿಯ ಬುಡ ನೆಲದ ಮೇಲ್ಮೈಗೆ ಹತ್ತಿರದಲ್ಲೇ ನೆಲೆಗೊಳ್ಳುತ್ತದೆ.

ಇದರಿಂದ ಬಿಸಿ ಹವೆಯ ಹುಲ್ಲಿಗೆ ಒಂದು ಅನುಕೂಲವೂ ಒಂದು ಅಪಾಯವೂ ಒದಗುತ್ತದೆ. ಮೀಸೋಕಾಟಿಲ್ ಚಾಚುವಷ್ಟು ಸಂಗ್ರಹವಿದ್ದರೆ ಬೀಜ ಮೇಲ್ಮಣ್ಣಿಗಿಂತ ತುಸು ಕೆಳಗೆ, ತೇವ ನಿಲ್ಲುವ ಪದರದಲ್ಲಿ ಕುಳಿತು ಹುಟ್ಟಬಲ್ಲದು. ಆದರೆ ಹುಟ್ಟಿದ ಸಸಿ ಬುಡದ ಗೆಣ್ಣಿನಿಂದ ತನ್ನ ಶಾಶ್ವತ ಬೇರುಗಳನ್ನು ಇಳಿಸುವವರೆಗೆ ಬೀಜದಿಂದ ಹೊರಟ ಮೊದಲ ಬೇರು ಮತ್ತು ಆ ನೂಲಿನಂಥ ಮೀಸೋಕಾಟಿಲ್ ಮೂಲಕವೇ ನೀರನ್ನು ಪಡೆಯಬೇಕು. ಗೆಣ್ಣಿರುವುದು ಮೇಲ್ಮೈಯಲ್ಲಿ, ಅಲ್ಲಿ ಕೆಲವು ದಿನ ಎಡೆಬಿಡದೆ ತೇವವಿದ್ದರೆ ಮಾತ್ರ ಹೊಸ ಬೇರು ಇಳಿಯುತ್ತದೆ. ಮಳೆ ಬಿಟ್ಟು ಬಿಸಿಲು ಏರಿದರೆ ಸಾಲಿಗೆ ಸಾಲೇ ಒಣಗುವುದನ್ನು ನೋಡಿದವರು ಬೀಜ ಕೆಟ್ಟದ್ದಿತ್ತು ಎಂದು ದೂರುತ್ತಾರೆ. ಅನೇಕ ಸಲ ಬೀಜದ ತಪ್ಪು ಅಲ್ಲಿರುವುದಿಲ್ಲ. ದಪ್ಪ ಕಾಳಿನಿಂದ ಬಂದ ಸಸಿಗೆ ಮೊದಲ ಬೇರು ಆಳಕ್ಕೆ ಇಳಿಯಲು ಹೆಚ್ಚು ಶಕ್ತಿ ಇರುತ್ತದೆ, ಅಷ್ಟರಮಟ್ಟಿಗೆ ಒಣ ದಿನಗಳನ್ನು ತಾಳುವ ಅವಕಾಶವೂ ಹೆಚ್ಚು. ಆದರೆ ಗೆಣ್ಣಿನ ಬೇರು ಇಳಿಯದೆ ಯಾವ ಗಾತ್ರದ ಕಾಳೂ ಬಹಳ ಕಾಲ ಬದುಕಿಸಲಾರದು. ಗಾತ್ರವನ್ನು ಹೊಗಳುವ ಜಾಹೀರಾತುಗಳು ಈ ಮಿತಿಯನ್ನು ಹೇಳುವುದಿಲ್ಲ.

ಗಾತ್ರದ ಈ ಪ್ರಭಾವ ಹೊಸ ಸಂಶೋಧನೆಯೇನೂ ಅಲ್ಲ. ಅಮೆರಿಕದ ಜಾರ್ಜ್ ರಾಗ್ಲರ್ ಅವರು 1954ರಲ್ಲಿ ಕ್ರೆಸ್ಟೆಡ್ ವೀಟ್‌ಗ್ರಾಸ್ ಎಂಬ ಹುಲ್ಲಿನ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಆಳದ ಬಿತ್ತನೆಯಿಂದ ಹುಟ್ಟಿ ಬರುವ ಸಾಮರ್ಥ್ಯಕ್ಕೂ ಬೀಜದ ಗಾತ್ರಕ್ಕೂ ನಿಕಟ ಸಂಬಂಧವಿದೆಯೆಂದು ತೋರಿಸಿದರು. ಮರುವರ್ಷವೇ, 1955ರಲ್ಲಿ, ನೀಬೋನ್ ಮತ್ತು ಕ್ರೀಮರ್ ಅವರು ಅಲ್ಲಿನ ಹಲವು ನಾಡಹುಲ್ಲುಗಳ ಒಂದೇ ರಾಶಿಯ ಬೀಜವನ್ನು ಗಾತ್ರದಂತೆ ಬೇರ್ಪಡಿಸಿ ಬಿತ್ತಿ, ದಪ್ಪ ಕಾಳುಗಳು ಬೇಗ ಹುಟ್ಟಿ ಹೆಚ್ಚು ಹುರುಪಿನಿಂದ ಬೆಳೆಯುವುದನ್ನು ಕಂಡರು. ಒಂದೇ ರಾಶಿಯೊಳಗಿನ ಹೋಲಿಕೆ ಎಂಬುದೇ ಇಲ್ಲಿ ಮುಖ್ಯ. ಬೇರೆ ಬೇರೆ ಜಾತಿಗಳ ನಡುವೆ ಗಾತ್ರವನ್ನು ಹೋಲಿಸಿ ತೀರ್ಮಾನಕ್ಕೆ ಬರುವಂತಿಲ್ಲ. ರೈ ಹುಲ್ಲಿನ ಸಾವಿರ ಕಾಳು ಸುಮಾರು 2 ಗ್ರಾಂ ತೂಗಿದರೆ ಟಿಮೊಥಿ ಹುಲ್ಲಿನದು ಅರ್ಧ ಗ್ರಾಂಗೂ ಕಡಿಮೆ. ಆದರೂ ತಕ್ಕ ಆಳದಲ್ಲಿ ಬಿತ್ತಿದ ಟಿಮೊಥಿ ಸೊಗಸಾದ ಹುಲ್ಲುಗಾವಲನ್ನು ಕಟ್ಟುತ್ತದೆ. ಇವೆರಡನ್ನೂ ಬೆರೆಸಿ ಒಂದೇ ಆಳಕ್ಕೆ ಕೂರಿಗೆಯಲ್ಲಿ ಬಿತ್ತಿದಾಗ ಟಿಮೊಥಿ ಕಾಣೆಯಾಗುವುದಕ್ಕೆ ಕಾರಣ ಬೀಜದ ಹೀನತೆಯಲ್ಲ, ಆಳದ ಆಯ್ಕೆ.

ನನ್ನ ಬಿತ್ತನೆಯಲ್ಲಿ ಕಂಡದ್ದೂ ಈ ತಿಳಿವಳಿಕೆಗೆ ಹೊಂದಿಕೊಂಡಿತು. ಒದ್ದೆ ಕಾಗದದ ಮೇಲೆ ಇಟ್ಟ ದಪ್ಪ ಕಾಳು ಮತ್ತು ವಿಂಗಡಿಸದ ರಾಶಿಯಿಂದ ಆರಿಸಿದ ತುಂಬಿದ ಸಣ್ಣ ಕಾಳು ಹೆಚ್ಚುಕಡಿಮೆ ಸಮನಾಗಿ ಮೊಳೆತವು. ಲೇಬಲ್‌ನ ಮೊಳಕೆ ಪ್ರಮಾಣ ಇಂಥ ಪರೀಕ್ಷೆಯಿಂದಲೇ ಬರುತ್ತದೆ. ಅಲ್ಲಿ ತಳ್ಳಬೇಕಾದ ಮಣ್ಣಿಲ್ಲ, ತೇವಕ್ಕೆ ಕೊರತೆಯಿಲ್ಲ, ಉಷ್ಣತೆ ಹಿತವಾಗಿದೆ. ಹೀಗಾಗಿ ಆ ಅಂಕಿ ಎರಡು ಚೀಲಗಳಲ್ಲೂ ಒಂದೇ ಇದ್ದರೂ ಹೊಲದಲ್ಲಿ ಎರಡೂ ಒಂದೇ ರೀತಿ ಹುಟ್ಟುತ್ತವೆಂದು ತಿಳಿಯಲಾಗದು. ಪುಡಿಮಣ್ಣಿನ ಮಡಿಯಲ್ಲಿ ಅರ್ಧ ಸೆಂಟಿಮೀಟರ್ ಆಳಕ್ಕೆ ಬಿತ್ತಿ, ಮೇಲೆ ಕೊರಡು ಹೊಡೆದು, ತೇವ ಕಾಪಾಡಿದ ಸಾಲುಗಳಲ್ಲಿಯೂ ಅಂತರ ಅಲ್ಪವೇ. ದಪ್ಪ ಕಾಳಿನ ಸಾಲು ತುಸು ಮೊದಲು ಹಸಿರಾಯಿತು, ಅಷ್ಟೇ. ಎರಡು ಸೆಂಟಿಮೀಟರ್ ಆಳಕ್ಕೆ ಬಿತ್ತಿದ ಸಾಲುಗಳ ಕಥೆ ಬೇರೆಯಾಗಿತ್ತು. ಗಿನಿ ಹುಲ್ಲಿಗೆ ಇದು ಶಿಫಾರಸು ಮಾಡುವ ಆಳವಲ್ಲ. ಆದರೆ ಹೆಂಟೆಯಿರುವ ನೆಲದಲ್ಲಿ, ಎತ್ತು ಅಥವಾ ಟ್ರಾಕ್ಟರ್ ಎಳೆಯುವ ಕೂರಿಗೆಯಲ್ಲಿ, ಬೀಜ ಅಲ್ಲಲ್ಲಿ ಅಷ್ಟು ಆಳಕ್ಕೆ ಬೀಳುವುದು ಸಾಮಾನ್ಯ. ಅಲ್ಲಿ ವಿಂಗಡಿಸದ ಬೀಜದ ಸಾಲು ಹಲ್ಲು ಬಿದ್ದಂತೆ ಖಾಲಿ ಖಾಲಿಯಾಗಿ ಎದ್ದಿತು. ದಪ್ಪ ಕಾಳಿನ ಸಾಲು ತೆಳುವಾದರೂ ಎಡೆಬಿಡದೆ ನಿಂತಿತು. ನಡುವೆ ಜೋರು ಮಳೆ ಬಿದ್ದು ಬಿಸಿಲಿಗೆ ಮೇಲ್ಮಣ್ಣು ಹೆಪ್ಪುಗಟ್ಟಿದ ಜಾಗದಲ್ಲಿ ಈ ವ್ಯತ್ಯಾಸ ಅತ್ಯಂತ ಸ್ಪಷ್ಟವಾಗಿತ್ತು. ಅಗೆದು ನೋಡಿದಾಗ ಹೆಪ್ಪಿನ ಕೆಳಗೆ ಮೊಳೆತು, ಬಾಗಿ, ಬಿಳಿಚಿಕೊಂಡು ಸೋತ ಸಣ್ಣ ಕಾಳಿನ ಮೊಳಕೆಗಳು ಸಿಕ್ಕವು. ಅವು ಸತ್ತ ಬೀಜಗಳಾಗಿರಲಿಲ್ಲ, ಸಂಗ್ರಹ ತೀರಿಹೋದ ಬೀಜಗಳಾಗಿದ್ದವು.

ವಿಂಗಡಣೆಯ ಇನ್ನೊಂದು ಲಾಭವನ್ನು ನಾನು ನಿರೀಕ್ಷಿಸಿರಲಿಲ್ಲ, ಈಗ ಅದನ್ನೇ ಹೆಚ್ಚು ಮೆಚ್ಚುತ್ತೇನೆ. ಅದು ಏಕರೂಪತೆ. ಕಾಳುಗಳೆಲ್ಲ ಒಂದೇ ಅಳತೆಯವಾದ್ದರಿಂದ ಕೂರಿಗೆಯ ಬಟ್ಟಲಿನಿಂದ ಬೀಜ ಸಮನಾಗಿ ಇಳಿಯುತ್ತದೆ, ತೊಟ್ಟಿನ ಚೂರು ಸಿಕ್ಕಿ ಕೊಳವೆ ಕಟ್ಟಿಕೊಳ್ಳುವುದಿಲ್ಲ, ಬಟ್ಟಲು ಅಲುಗಾಡಿದಾಗ ಸಣ್ಣದು ತಳಕ್ಕೂ ಹಗುರವಾದದ್ದು ಮೇಲಕ್ಕೂ ಸರಿದು ಹೊಲದ ಒಂದು ಅಂಚಿಗೆ ಗಟ್ಟಿ ಕಾಳು, ಇನ್ನೊಂದು ಅಂಚಿಗೆ ಜೊಳ್ಳು ಬೀಳುವ ತೊಂದರೆಯೂ ತಪ್ಪುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಒಂದು ಆಳವನ್ನು ನಿಗದಿ ಮಾಡಿಕೊಂಡರೆ ಅದು ಚೀಲದ ಎಲ್ಲ ಕಾಳಿಗೂ ಒಪ್ಪುತ್ತದೆ. ಬೆರಕೆ ರಾಶಿಯಲ್ಲಿ ಯಾವ ಆಳವನ್ನು ಆರಿಸಿದರೂ ಯಾವುದೋ ಒಂದು ಭಾಗಕ್ಕೆ ಅನ್ಯಾಯವಾಗುತ್ತದೆ.

ಆದರೆ ಲೆಕ್ಕವನ್ನು ಮರೆಯುವಂತಿಲ್ಲ. ಬೀಜ ಮಾರುವುದು ತೂಕಕ್ಕೆ, ಸಸಿ ಹುಟ್ಟುವುದು ಸಂಖ್ಯೆಗೆ. ಉದಾಹರಣೆಗೆ ಒಂದು ಚೀಲದ ಸಾವಿರ ಕಾಳು 0.8 ಗ್ರಾಂ ತೂಗುತ್ತದೆ, ಇನ್ನೊಂದರದ್ದು 1 ಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳೋಣ. ಮೊದಲನೆಯದರಲ್ಲಿ ಕಿಲೋಗೆ 12.5 ಲಕ್ಷ ಕಾಳು, ಎರಡನೆಯದರಲ್ಲಿ 10 ಲಕ್ಷ. ಹೆಕ್ಟೇರಿಗೆ 4 ಕಿಲೋದಂತೆ ಬಿತ್ತಿದರೆ ಚದರ ಮೀಟರಿಗೆ ಕ್ರಮವಾಗಿ 500 ಮತ್ತು 400 ಕಾಳು ಬೀಳುತ್ತವೆ. ಸಣ್ಣ ಕಾಳಿನಲ್ಲಿ ನೂರಕ್ಕೆ 40 ಹುಟ್ಟಿದರೆ 200 ಸಸಿ. ದಪ್ಪ ಕಾಳಿನಿಂದ ಅಷ್ಟೇ ಸಸಿ ಬರಬೇಕಾದರೆ ನೂರಕ್ಕೆ 50 ಹುಟ್ಟಬೇಕು. ಅಂದರೆ ಅದೇ ತೂಕವನ್ನು ಬಿತ್ತುವವರಿಗೆ ದಪ್ಪ ಕಾಳು ಮೊದಲು ತನ್ನ ಸಂಖ್ಯೆಯ ಕೊರತೆಯನ್ನು ತುಂಬಿಕೊಡಬೇಕು, ಲಾಭವೆಂಬುದು ಆಮೇಲಿನ ಮಾತು. ಬೆಲೆಯ ವ್ಯತ್ಯಾಸವನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಗಟ್ಟಿ ಕಾಳಿನ ಬೀಜವೆಂದು ನಂಬಿ ಹೆಕ್ಟೇರಿಗೆ ಹಾಕುವ ತೂಕವನ್ನು ಇಳಿಸಿದವರು ಎರಡು ಕಡೆಯಿಂದಲೂ ಸಂಖ್ಯೆಯನ್ನು ಕಳೆದುಕೊಳ್ಳುತ್ತಾರೆ. ಶುದ್ಧತೆಯನ್ನು ಮೊಳಕೆ ಪ್ರಮಾಣದಿಂದ ಗುಣಿಸಿ ನೂರರಿಂದ ಭಾಗಿಸಿದರೆ ಬರುವ ಶುದ್ಧ ಜೀವಂತ ಬೀಜದ ಪ್ರಮಾಣವನ್ನೂ ನೋಡಬೇಕು: ಶುದ್ಧತೆ 80, ಮೊಳಕೆ 50 ಇದ್ದರೆ ಆ ಪ್ರಮಾಣ 40 ಮಾತ್ರ. ಇದೂ ಸಾವಿರ ಕಾಳಿನ ತೂಕವೂ ಕೈಯಲ್ಲಿದ್ದರೆ ಎರಡು ಚೀಲಗಳ ಬೆಲೆಯನ್ನು ನ್ಯಾಯವಾಗಿ ಹೋಲಿಸಬಹುದು.

ಲೇಪನ ಕೊಟ್ಟ ಬೀಜದ ವಿಷಯ ಚಿಕ್ಕದು. ಸುಣ್ಣ ಅಥವಾ ಜೇಡಿಯ ಪುಡಿಯನ್ನು ಅಂಟಿನೊಂದಿಗೆ ಸುತ್ತಿದ ಈ ಕಾಳು ಕೂರಿಗೆಯಲ್ಲಿ ಚೆನ್ನಾಗಿ ಹರಿಯುತ್ತದೆ, ಎರಚುವಾಗ ಗಾಳಿಗೆ ತೂರಿಹೋಗುವುದಿಲ್ಲ. ಆದರೆ ಹೊರಗಿನ ಗಾತ್ರ ದೊಡ್ಡದಾದ ಮಾತ್ರಕ್ಕೆ ಒಳಗಿನ ಸಂಗ್ರಹ ಒಂದು ಕಣದಷ್ಟೂ ಹೆಚ್ಚಿರುವುದಿಲ್ಲ. ಆಳದ ಸಾಲಿನಲ್ಲಿ ಇದು ವಿಂಗಡಿಸದ ಬೀಜಕ್ಕಿಂತ ಮೇಲಾಗಿ ಹುಟ್ಟಲಿಲ್ಲ. ಚೀಲದ ತೂಕದಲ್ಲಿ ದೊಡ್ಡ ಪಾಲು ಲೇಪನದ್ದೇ ಆಗಿರಬಹುದಾದ್ದರಿಂದ ಕಿಲೋಗೆ ಎಷ್ಟು ಕಾಳು ಎಂದು ಕೇಳದೆ ಕೊಳ್ಳಬಾರದು. ದಪ್ಪ ಕಾಳಿಗೆ ಬದಲಾಗಿ ಇದನ್ನು ಆರಿಸುವುದು ಸರಿಯಲ್ಲ. ಇವೆರಡರ ಕೆಲಸವೇ ಬೇರೆ.

ಮೊದಲ ವಾರಗಳ ಅಂತರ ಎಷ್ಟು ಕಾಲ ಉಳಿಯುತ್ತದೆ ಎಂದು ಕೇಳುವುದೂ ನ್ಯಾಯ. ಸಸಿ ನಾಲ್ಕಾರು ಎಲೆ ಬಿಟ್ಟು, ಗೆಣ್ಣಿನ ಬೇರು ಇಳಿಸಿ, ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳತೊಡಗಿದ ಮೇಲೆ ಕಾಳಿನ ಗಾತ್ರದ ಋಣ ಮುಗಿಯುತ್ತಾ ಬರುತ್ತದೆ. ಹುಲ್ಲು ತೆಂಡೆಯೊಡೆದು ಹರಡಿದ ಬಳಿಕ ಯಾವ ಬುಡ ಯಾವ ಗಾತ್ರದ ಕಾಳಿನಿಂದ ಬಂದದ್ದೆಂದು ನನಗೆ ಗುರುತಿಸಲಾಗಲಿಲ್ಲ. ಹಾಗೆಂದು ಆರಂಭದ ಮುನ್ನಡೆಯನ್ನು ಹಗುರವಾಗಿ ಕಾಣಬಾರದು. ಹುಲ್ಲುಗಾವಲಿನ ಸೋಲು ಗೆಲುವು ಬಹುಪಾಲು ಆ ವಾರಗಳಲ್ಲೇ ತೀರ್ಮಾನವಾಗುತ್ತದೆ. ಕಳೆ ಹುಲ್ಲನ್ನು ನೆರಳಿಗೆ ತಳ್ಳುವುದೋ ಹುಲ್ಲು ಕಳೆಯನ್ನು ತಳ್ಳುವುದೋ ಎಂಬುದು ಆಗಲೇ ಗೊತ್ತಾಗುತ್ತದೆ, ಮತ್ತು ಹುಟ್ಟದೆ ಖಾಲಿ ಉಳಿದ ಜಾಗದಲ್ಲಿ ಅಂತರ ಕಡಿಮೆಯಾಗುವ ಪ್ರಶ್ನೆಯೇ ಏಳುವುದಿಲ್ಲ. ಅಲ್ಲಿ ಕಳೆಯೇ ವರ್ಷಗಟ್ಟಲೆ ಕೂರುತ್ತದೆ.

ಕೊಳ್ಳುವ ಮುನ್ನ ಸುಗ್ಗಿಯ ದಿನಾಂಕವನ್ನೂ ಕೇಳಿಕೊಳ್ಳಬೇಕು. ಗಿನಿ ಹುಲ್ಲಿನ ಹೊಸ ಬೀಜ ಕೊಯ್ಲಿನ ಬಳಿಕ ಕೆಲವು ತಿಂಗಳು ನಿದ್ರಾವಸ್ಥೆಯಲ್ಲಿರುತ್ತದೆ, ಆಗ ಎಷ್ಟೇ ತುಂಬಿದ ಕಾಳಾದರೂ ಹುಟ್ಟುವುದು ವಿರಳ. ಗಾತ್ರ ಚೆನ್ನಾಗಿದ್ದು ಹುಟ್ಟುವಳಿ ಕಡಿಮೆಯಾದ ಚೀಲಗಳ ಬಗ್ಗೆ ಕೇಳಿಬರುವ ದೂರುಗಳಲ್ಲಿ ಕೆಲವಕ್ಕಾದರೂ ಇದು ಕಾರಣವಾಗಿರಬಹುದು.

ಹಾಗಾದರೆ ಯಾರು ಕೊಳ್ಳಬೇಕು? ನೆಲ ಜೇಡಿಯಾಗಿದ್ದು ಮಳೆಯ ನಂತರ ಹೆಪ್ಪುಗಟ್ಟುವಂತಿದ್ದರೆ, ಕೂರಿಗೆಯಲ್ಲಿ ಬಿತ್ತುವುದಾದರೆ, ಮೇಲಿನ ಪದರ ಬೇಗ ಒಣಗುವುದರಿಂದ ಬೀಜವನ್ನು ಒಂದೂವರೆ ಸೆಂಟಿಮೀಟರ್ ಕೆಳಗಿನ ತೇವಕ್ಕೆ ತಲುಪಿಸಲೇಬೇಕಾಗಿದ್ದರೆ ದಪ್ಪ ಕಾಳಿನ ಚೀಲಕ್ಕೆ ಕೊಡುವ ಹೆಚ್ಚಿನ ಬೆಲೆ ಸಾರ್ಥಕವೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಮಣ್ಣು ಮರಳು ಮಿಶ್ರಿತವಾಗಿದ್ದು, ಮಡಿಯನ್ನು ಚೆನ್ನಾಗಿ ಪುಡಿ ಮಾಡಿ, ಮೇಲೆಯೇ ಎರಚಿ, ಕೊರಡು ಹೊಡೆದು, ನೀರು ಹಾಯಿಸುವ ಅನುಕೂಲವಿರುವವರಿಗೆ ಜೊಳ್ಳು ತೆಗೆದ ಸಾಮಾನ್ಯ ಬೀಜವೇ ಸಾಕು. ಅವರು ಅದೇ ಹಣದಲ್ಲಿ ಹೆಚ್ಚು ಕಾಳುಗಳನ್ನು ನೆಲಕ್ಕೆ ಹಾಕಬಹುದು. ವಿಂಗಡಣೆಯಲ್ಲಿ ಉಳಿದ ಸಣ್ಣ ಕಾಳನ್ನು ಬೇರೆ ಚೀಲದಲ್ಲಿ ಅಗ್ಗವಾಗಿ ಮಾರುವುದಾದರೆ ಇಂಥವರು ಅದನ್ನೇ ಕೊಳ್ಳಬಹುದು, ಆದರೆ ಒಂದು ಷರತ್ತಿನೊಂದಿಗೆ: ಅದು ತುಂಬಿದ ಸಣ್ಣ ಕಾಳಾಗಿರಬೇಕು, ಜರಡಿಯ ಕೆಳಗೆ ಬಿದ್ದ ಜೊಳ್ಳಾಗಿರಬಾರದು. ಉಗುರಿನ ಪರೀಕ್ಷೆ ಅಂಗಡಿಯಲ್ಲೇ ಮಾಡಿಬಿಡುವಂಥದ್ದು.

ನಾನು ಕೊಂಡ ದಪ್ಪ ಕಾಳಿನ ಬೀಜವನ್ನು, ಅದರಲ್ಲಿ ಉಳಿದಿದ್ದ ಜೊಳ್ಳಿನ ಹೊರತಾಗಿಯೂ, ಹೆಪ್ಪುಗಟ್ಟುವ ನೆಲದ ಪಾಲಿಗೆ ಮತ್ತೆ ಕೊಳ್ಳುತ್ತೇನೆ. ಉಳಿದ ನೆಲಕ್ಕೆ ಸಾಮಾನ್ಯ ಬೀಜವನ್ನೇ ಮುಂದುವರಿಸುತ್ತೇನೆ. ಮಾರಾಟಗಾರರಲ್ಲಿ ನನ್ನ ಕೋರಿಕೆ ಎರಡು. ಲೇಬಲ್‌ನಲ್ಲಿ ಮೊಳಕೆಯ ಪ್ರಮಾಣದ ಪಕ್ಕದಲ್ಲಿ ಸಾವಿರ ಕಾಳಿನ ತೂಕವನ್ನು ಮುದ್ರಿಸಬೇಕು, ಮತ್ತು ಆ ಗಾತ್ರದ ಕಾಳು ಎಷ್ಟು ಆಳದಿಂದ ಹುಟ್ಟಿ ಬರುತ್ತದೆಂದು ಮಣ್ಣಿನಲ್ಲೇ ಪರೀಕ್ಷಿಸಿ ಗರಿಷ್ಠ ಬಿತ್ತನೆಯ ಆಳವನ್ನು ಸೆಂಟಿಮೀಟರಿನಲ್ಲಿ ನಮೂದಿಸಬೇಕು.